ಗಾಲಿ ಅಟ್ಟದ ರವಿವಾರ

"ಪೇಂಟರ್ ಯಾಕ ಬೇಕೋ? ಒಂದು ರವಿವಾರ, ಒಂದು ಅಟ್ಟ, ಒಬ್ಬ ಗಂಡಸು. ಮುಗೀತು!"

ಶನಿವಾರ ಸಂಜೆ ಹೊಸ ಮೊಬೈಲಿನಲ್ಲಿ ಹೀಗೆ ಘೋಷಿಸಿದವನು ವಿಜಯಮಹಾಂತೇಶ. ಆ ಕಡೆ ಕೇಳಿಸಿಕೊಂಡವನು ಅವನ ಷಡ್ಡಕ, ಬ್ಯಾಡಗಿಯ ರುದ್ರಮುನಿ. ಹೊಸ ಮನೆ ಕಟ್ಟಿಸಿ ಮೂರು ತಿಂಗಳಾದರೂ ಬೇರೆ ಮಾತೇ ಆಡದ ಈ ರುದ್ರಮುನಿ ಸೋಮವಾರ ಮುಂಜಾನೆ ಹಾವೇರಿಗೆ ಬರುವವನಿದ್ದ. ಅಷ್ಟರೊಳಗೆ ಮನೆಯ ಮುಂದಿನ ಗೋಡೆ ಹಳದಿಯಾಗಿ ಹೊಳೆಯದಿದ್ದರೆ ವಿಜಯಮಹಾಂತೇಶನ ಮಾನ ಉಳಿಯುವಂತಿರಲಿಲ್ಲ!

ರವಿವಾರ ಏಳಕ್ಕೆಲ್ಲ ರಾಣೇಬೆನ್ನೂರಿನಿಂದ ಟೆಂಪೊ ಬಂತು. ಸೆಂಟ್ರಿಂಗ್ ಸಾಮಾನು ಬಾಡಿಗೆ ಕೊಡುವ ದಿಲಾವರ ಪೈಪುಗಳನ್ನು ಒಂದಕ್ಕೊಂದು ಸಿಕ್ಕಿಸಿ, ಕೆಳಗೆ ನಾಲ್ಕು ಗಾಲಿ, ಮೇಲೆ ಎರಡು ಹಲಗೆ ಇರುವ ಅಟ್ಟ ನಿಲ್ಲಿಸಿದ.

"ಸರ, ಈ ಗಾಲಿಗೆ ಏನೈತಿ ಅಂದ್ರ..."

"ಇಪ್ಪತ್ತು ವರ್ಷದಿಂದ ಸ್ಕೂಟರ್ ಹೊಡ್ಯಾಕತ್ತೇನಿ. ಗಾಲಿ ನನಗ ಗೊತ್ತಿಲ್ಲೇನು?"

ಚಹಾ ತಂದ ಮನೆಯಾಕೆ ಸುರೇಖಾಳೊಡನೆ ಎರಡು ಮಾತಾಡಿದ ದಿಲಾವರ, ಐದಕ್ಕೆ ಬಂದು ಒಯ್ಯುವುದಾಗಿ ಹೇಳಿ ಹೊರಟ.

ವಿಜಯಮಹಾಂತೇಶ ಬನಿಯನ್ನಿನಲ್ಲಿ, ಕೋಟೆ ಗೆಲ್ಲಲು ಹೊರಟ ದೊರೆಯಂತೆ ಅಟ್ಟ ಏರಿದ. ಬ್ರಷ್ ಎತ್ತಿದ್ದೇ ತಡ, ಇಳಿಜಾರಿನ ಅಂಗಳದಲ್ಲಿ ಅಟ್ಟ ಗಟಾರದ ಕಡೆಗೆ ಒಂದು ಮೊಳ ಪ್ರಯಾಣ ಬೆಳೆಸಿತು!

"ಸುರೇಖಾ! ಹಿಡಕೋ! ಹಿಡಕೋ!"

ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ. ತೆರೆದಾಗ ಅಟ್ಟ ನಿಂತಿತ್ತು. ಕೆಳಗೆ ಹೆಂಡತಿ ಪೈಪು ಹಿಡಿದಿದ್ದಳು.

"ಏನ ಆಗ್ಲಿ, ಸಂಜೀ ಮಟ ಕೈ ಬಿಡಬ್ಯಾಡ! ನಾ ಕೆಳಗ ಇಳದ್ರೂ ಬಿಡಬ್ಯಾಡ! ಬಿಟ್ಟಿ ಅಂದ್ರ ಬಣ್ಣದ ಡಬ್ಬಿ ಸಮೇತ ಗಟಾರಕ್ಕ ಹೊಕ್ಕತಿ!"

"ಆತ್ರಿ," ಎಂದಳು ಸುರೇಖಾ.

ನಾಲ್ಕು ಸಲ ಬ್ರಷ್ ಆಡಿಸಿದ ಮೇಲೆ ಅವನಿಗೆ ಗಂಟಲು ಒಣಗಿತು. "ಒಂದು ಕಪ್ ಚಾ ತೊಗೊಂಬಾ."

"ತರ್ತೇನ್ರಿ. ಕೈ ಬಿಡ್ಲೇನ್ರಿ?"

"ಬ್ಯಾಡ!"

ಅಷ್ಟರಲ್ಲಿ ಒಳಗಿನಿಂದ ಅವನ ತಾಯಿ ಗದಿಗೆವ್ವ ಕೂಗಿದಳು. "ಸುರೇಖಾ, ಹಾಲು ಉಕ್ಕಾಕತ್ತೈತಿ!"

"ಕೈ ಬಿಡ್ಲೇನ್ರಿ?"

"ಬ್ಯಾಡ ಅಂದ್ನೆಲ್ಲ! ಯವ್ವಾ, ಒಲಿ ನೀನ ಆರಿಸು!"

"ಆ ಗ್ಯಾಸಿನ ಕಿವಿ ತಿರುವಾಕ ನನಗ ಬರಂಗಿಲ್ಲೋ ಯಪ್ಪಾ!"

ಅವನೇ ಇಳಿದು ಓಡಿದ. ಹಾಲು ಅವನಿಗಿಂತ ಮೊದಲೇ ನೆಲಕ್ಕೆ ಇಳಿದಿತ್ತು. ಒರೆಸಿ, ಸೊಂಟ ಹಿಡಿದುಕೊಂಡು ಮತ್ತೆ ಅಟ್ಟ ಏರಿದ.

ಹತ್ತಕ್ಕೆ ಎದುರುಮನೆಯ ಮೈಲವ್ವ ಕೂಗಿದಳು. "ನಳಾ ಬಂದಾವ್ರೇ!"

ಎಂಟು ದಿನಕ್ಕೊಮ್ಮೆ ಬರುವ ನೀರು. ಬರಲು ಇವತ್ತೇ ಆಗಬೇಕಿತ್ತೇ? ಸುರೇಖಾ ಕತ್ತೆತ್ತಿ ಅವನ ಮುಖ ನೋಡಿದಳು. ಅವಳು ಬಾಯಿ ತೆರೆಯುವ ಮೊದಲೇ ಅವನು ಇಳಿದ. ಎರಡು ಬ್ಯಾರಲ್ಲು, ಇಪ್ಪತ್ತೆರಡು ಕೊಡ! ಹತ್ತೊಂಬತ್ತನೆಯ ಕೊಡ ಹೆಗಲೇರುವಾಗ ಮೊಬೈಲು ಬಡಿದುಕೊಂಡಿತು.

"ಎಲ್ಲೀ ಮಟ ಬಂತೋ?" ಎಂದ ರುದ್ರಮುನಿ.

"ಕುತ್ತಿಗೀ ಮಟ ಬಂದೈತಿ."

"ಗ್ವಾಡಿ ಕೇಳಿದ್ನೋ ಮಾರಾಯಾ!"

ವಿಜಯಮಹಾಂತೇಶ ಫೋನು ಇಟ್ಟ. ವಾರವಾರವೂ ಇಷ್ಟೊಂದು ಕೊಡ ಹೊರುವವರು ಯಾರು ಎಂಬ ಪ್ರಶ್ನೆ ಬಾಯಿಯ ತನಕ ಬಂದು ನಿಂತಿತು. ಉತ್ತರ ಅಂಗಳದಲ್ಲಿ ಪೈಪು ಹಿಡಿದು ನಿಂತಿತ್ತು.

ನಿಂತಿತ್ತು ಎಂದರೂ ತಪ್ಪೇ. ಮೈಲವ್ವ ಸ್ಟೂಲು ತಂದುಕೊಟ್ಟಿದ್ದಳು, ಜೊತೆಗೆ ಒಂದು ಬೊಗಸೆ ಹುರಿದ ಶೇಂಗಾ. ಸುರೇಖಾ ಒಂದು ಕೈಯಲ್ಲಿ ಪೈಪು ಹಿಡಿದು, ತೊಡೆಯ ಮೇಲೆ ಪೇಪರ್ ಹರಡಿ ಓದುತ್ತಿದ್ದಳು. ಮದುವೆಯಾದ ಹದಿನೆಂಟು ವರ್ಷಗಳಲ್ಲಿ ಅವಳು ಹಗಲು ಹೊತ್ತು ಕೂತದ್ದನ್ನೇ ಅವನು ಕಂಡಿರಲಿಲ್ಲ. ಪೇಪರ್ ಅಂತೂ ರೊಟ್ಟಿ ಬುಟ್ಟಿಗೆ ಹಾಸುವುದಕ್ಕೆ ಮಾತ್ರ ಅವಳ ಕೈಗೆ ಹೋಗುತ್ತಿತ್ತು.

ಒಂದು ಗಂಟೆಗೆ ಹಸಿವಾಯಿತು. ಅವನು ಏನನ್ನೂ ಕೇಳದೆ ಹೋಗಿ ಜೋಳದ ಹಿಟ್ಟು ಸುರುವಿಕೊಂಡು ಕುಳಿತ.

"ಬಿಸಿನೀರು ಹಾಕಿ ನಾದ್ರಿ! ತಣ್ಣೀರು ಹಾಕಿದ್ರ ಹರಿತಾವ!" ಅಂಗಳದಿಂದ ಸುರೇಖಾಳ ಧ್ವನಿ ಬಂತು. ಹಾಳೆ ತಿರುವಿದ ಸಪ್ಪಳವೂ ಬಂತು.

ಸಲಹೆ ತಡವಾಗಿತ್ತು. ಮೂರು ಬಡಿದ, ಮೂರೂ ಹರಿದವು. ಗದಿಗೆವ್ವ ಒಂದು ತುಣುಕು ಎತ್ತಿ ಬೆಳಕಿಗೆ ಹಿಡಿದು ನೋಡಿ, "ಅನ್ನಕ್ಕ ಇಡಪಾ" ಎಂದಳು.

ಐದಕ್ಕೆ ದಿಲಾವರ ಬಂದಾಗ ಗೋಡೆಯ ಎಡ ಮೂಲೆಯಲ್ಲಿ ಚಾದರದಷ್ಟಗಲ ಹಳದಿ ಬಣ್ಣವಿತ್ತು. ಅದರ ಕೆಳಗೆ, ಇನ್ನೊಂದು ಚಾದರದಂತೆ, ವಿಜಯಮಹಾಂತೇಶ ಮೆಟ್ಟಿಲ ಮೇಲೆ ಬಿದ್ದುಕೊಂಡಿದ್ದ.

ದಿಲಾವರ ಅಟ್ಟ ದೂಡಿ ನೋಡಿದ. ಅಲುಗಲಿಲ್ಲ. ಬಗ್ಗಿದ.

"ಭೇಷ್! ನಾಲ್ಕೂ ಗಾಲಿಗೆ ಬ್ರೇಕ್ ಬಿಗಿಯಾಗಿ ಒತ್ತೀರಿ. ಮುಂಜಾನಿ ಅಕ್ಕಾರು ಕೇಳಿ ತಿಳಕೊಂಡಿದ್ರು ಬಿಡ್ರಿ. ಆದ್ರ ಬ್ರೇಕ್ ಒತ್ತಿದ ಮ್ಯಾಲೆ ಆನಿ ಬಂದು ದೂಡಿದ್ರೂ ಇದು ಹಂದಾಡಂಗಿಲ್ಲ. ಮತ್ತ ಯಾಕ ಹಿಡಕೊಂಡು ಕುಂತೀರಿ ಅಕ್ಕಾರ?"

ವಿಜಯಮಹಾಂತೇಶ ಮೆಲ್ಲಗೆ ಎದ್ದು ಕುಳಿತು ಹೆಂಡತಿಯ ಕಡೆ ತಿರುಗಿದ. "ಬ್ರೇಕ್ ಯಾವಾಗ ಒತ್ತಿದಿ?"

"ಮುಂಜಾನಿ ನೀವು ಕಣ್ಣು ಮುಚ್ಚಿಕೊಂಡಿದ್ರಲ್ರಿ, ಆವಾಗ."

"ಮತ್ತ ಹೇಳಬಾರದೇನು!"

"ಗಾಲಿ ನಿಮಗ ಗೊತ್ತಿಲ್ಲೇನ್ರಿ?" ಸುರೇಖಾ ಪೇಪರನ್ನು ನಾಲ್ಕು ಮಡಿಕೆ ಮಾಡಿ ಸೀರೆಯಿಂದ ಶೇಂಗಾ ಸಿಪ್ಪೆ ಕೊಡವಿದಳು. "ಕೈ ಬಿಡಬ್ಯಾಡ ಅಂದ್ರಿ. ಬಿಡಲಿಲ್ಲ."

ಆಮೇಲೆ ದಿಲಾವರನ ಕಡೆ ತಿರುಗಿದಳು.

"ಮುಂದಿನ ರವಿವಾರನೂ ಇದನ್ನ ತೊಗೊಂಬರ್ರಿ ಅಣ್ಣಾ. ಹಿತ್ತಲ ಗ್ವಾಡಿ ಇನ್ನೂ ಹಂಗ ಐತಿ."