ಮರೆತ ಕೊಡೆ ಮತ್ತು ಮೂರು ಸೀಟಿನ ಸೋಫಾ

ತೊಂದರೆಯೆಲ್ಲ ಶುರುವಾದದ್ದು ಮನೆಯಲ್ಲಿ ಕೂರಿಸಲು ಜಾಗವಿಲ್ಲ ಎಂಬುದರಿಂದ. ಟಾರ್ಚಣ್ಣನ ಮನೆಯಲ್ಲಿದ್ದದ್ದು ಎರಡೇ ಪ್ಲಾಸ್ಟಿಕ್ ಕುರ್ಚಿ, ಅದರಲ್ಲೂ ಒಂದರ ಕಾಲು ಸೊಟ್ಟ. ಬರುವವರೋ ಸಿನಿಮಾ ನಿರ್ಮಾಪಕರು, ಜೊತೆಗೆ ಅವರ ಪಾಲುದಾರರು. ಅಂಥವರನ್ನು ಸೊಟ್ಟ ಕುರ್ಚಿಯ ಮೇಲೆ ಕೂರಿಸಿ ಕಾಲಪ್ರಯಾಣದ ಕತೆ ಹೇಳುವುದಾದರೂ ಹೇಗೆ? ಹೆಂಡತಿ ತನ್ನ ತಮ್ಮನಿಗೆ ಫೋನ್ ಮಾಡಿದಳು. ತಮ್ಮನದು ಸೋಫಾ ಅಂಗಡಿ. ಬೆಳಗಾಗುತ್ತಿದ್ದಂತೆ ಇಬ್ಬರು ಆಳುಗಳು ಮೂರು ಸೀಟಿನ ಹೊಚ್ಚ ಹೊಸ ಸೋಫಾ ಒಂದನ್ನು ಮೆಟ್ಟಿಲು ಹತ್ತಿಸಿ ತಂದಿಟ್ಟರು. ಅದು ಬಂದಮೇಲೆ ಆ ಕೋಣೆಯಲ್ಲಿ ಮನೆಯವರು ಅಡ್ಡಡ್ಡ ನಡೆಯಬೇಕಾಯಿತು.

ಹಿಂದೆಯೇ ಬಂದ ಭಾವಮೈದುನ ಷರತ್ತು ಹಾಕಿದ. “ಭಾವ, ಮೇಲಿನ ಪ್ಲಾಸ್ಟಿಕ್ ಕವರ್ ಮಾತ್ರ ಬಿಚ್ಚಬೇಡಿ. ಮಧ್ಯಾಹ್ನ ಬಂದು ವಾಪಸ್ ತಗೊಂಡು ಹೋಗ್ತೀನಿ.” ಹೊರಡುವಾಗ ಅಕ್ಕನ ಕಡೆ ತಿರುಗಿ, ಭಾವನಿಗೆ ಅಂಗಡಿಯ ಬಾಗಿಲ ಹತ್ತಿರ ಒಂದು ಸ್ಟೂಲ್ ಹಾಕಿಸಿಟ್ಟಿದ್ದೇನೆ, ಏನೂ ಯೋಚನೆ ಮಾಡಬೇಡ ಎಂದೂ ಹೇಳಿ ಹೋದ.

ಆ ಸ್ಟೂಲಿನ ಹೆಸರೆತ್ತಿದರೇ ಟಾರ್ಚಣ್ಣ ಮುಖ ತಿರುಗಿಸುತ್ತಿದ್ದ. ಇಪ್ಪತ್ತು ವರ್ಷ ಚಿತ್ರಮಂದಿರದ ಕತ್ತಲಲ್ಲಿ ಟಾರ್ಚ್ ಬಿಟ್ಟು ಜನರಿಗೆ ಸೀಟು ತೋರಿಸಿದವನು ಅವನು. ಹೋದ ವರ್ಷ ಚಿತ್ರಮಂದಿರ ಮುಚ್ಚಿತು, ಕೈಯಲ್ಲಿ ಟಾರ್ಚ್ ಉಳಿಯಿತು. ಸುಮ್ಮನೆ ಕೂರಲಾರದೆ ಒಂದು ಕತೆ ಬರೆದ. ಈ ಕತೆ ಸಿನಿಮಾ ಆಗದಿದ್ದರೆ ನಿನ್ನ ತಮ್ಮನ ಅಂಗಡಿಯಲ್ಲಿ ಕೂರುತ್ತೇನೆ ಎಂದು ಹೆಂಡತಿಯ ಮುಂದೆ ರೋಷದಲ್ಲಿ ಮಾತು ಕೊಟ್ಟಿದ್ದ. ಚಡ್ಡಿ ಹಾಕುವ ಕಾಲದಲ್ಲಿ ತನ್ನ ಕೃಪೆಯಿಂದ ಪುಕ್ಕಟೆ ಸಿನಿಮಾ ನೋಡಿದವನ ಕೈಕೆಳಗೆ ಕೂರುವುದಕ್ಕಿಂತ ದೊಡ್ಡ ಅವಮಾನ ಅವನಿಗೆ ಹೊಳೆಯುತ್ತಿರಲಿಲ್ಲ.

ಆದರೆ ಗೆಲ್ಲುತ್ತೇನೆಂಬ ಧೈರ್ಯವೂ ಇತ್ತು. ಕಾಲಪ್ರಯಾಣದ ಸಿನಿಮಾಗಳ ಬಗ್ಗೆ ಅವನಲ್ಲೊಂದು ಸಿದ್ಧಾಂತವಿತ್ತು. ಅದು ಪರದೆ ನೋಡಿ ಕಟ್ಟಿದ್ದಲ್ಲ, ಬಾಗಿಲಲ್ಲಿ ನಿಂತು ಜನರ ಮುಖ ನೋಡಿ ಕಟ್ಟಿದ್ದು. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಪರದೆಯ ಮೇಲೆ ಯಾರಾದರೂ ವಿವರಿಸತೊಡಗಿದರೆ ಜನ ಕ್ಯಾಂಟೀನಿನ ಕಡೆ ಎದ್ದು ಹೋಗುತ್ತಾರೆ. ಹಿಂದಿನ ಕಾಲಕ್ಕೆ ಹೋದವನಿಗೆ ಅಲ್ಲಿ ಏನು ಬೇಕಾಗಿದೆ ಎಂದು ತಿಳಿದರೆ ಸಾಕು, ಸೀಟು ಬಿಟ್ಟು ಏಳುವುದಿಲ್ಲ. ಆಟ ಮುಗಿದಮೇಲೆ ಬೆರಳು ಮಡಚಿ ಇಸವಿ ಲೆಕ್ಕ ಹಾಕುತ್ತ ಮೌನವಾಗಿ ಹೊರಬಂದರೆ ಆ ಸಿನಿಮಾ ಮಣ್ಣುಪಾಲು. ಮೆಟ್ಟಿಲ ಮೇಲೆ ಜಗಳವಾಡುತ್ತ ಇಳಿದರೆ ನೂರು ದಿನ ಖಂಡಿತ. ಈ ಅಂದಾಜು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಸುಳ್ಳಾಗಿರಲಿಲ್ಲ.

ನಿರ್ಮಾಪಕರ ಪರಿಚಯವೂ ಅಲ್ಲಿಂದಲೇ. ಅವರದೇ ಒಂದು ಕಾಲಪ್ರಯಾಣದ ಸಿನಿಮಾ ಮೊದಲ ಆಟಕ್ಕೇ ನೆಲಕಚ್ಚಿದಾಗ, ರೊಚ್ಚಿಗೆದ್ದ ಜನರಿಂದ ಅವರನ್ನೂ ಪಾಲುದಾರರನ್ನೂ ಹಿಂಬಾಗಿಲಿನಿಂದ ದಾಟಿಸಿದ್ದು ಇವನ ಟಾರ್ಚು. ಆ ಸಿನಿಮಾದಲ್ಲಿ ಯಂತ್ರದ ವಿವರಣೆಯೇ ಅರ್ಧ ಗಂಟೆ ಇತ್ತು.

ಇಬ್ಬರೂ ಹೇಳಿದ ಹೊತ್ತಿಗೆ ಬಂದರು. ನಿರ್ಮಾಪಕರು ಮನೆಯೊಳಗೂ ಕಪ್ಪು ಕನ್ನಡಕ ತೆಗೆಯಲಿಲ್ಲ. ಪಾಲುದಾರರು ಸೋಫಾದ ಇನ್ನೊಂದು ತುದಿಯಲ್ಲಿ ಕೂತರು. ಪ್ಲಾಸ್ಟಿಕ್ ಕವರ್ ಕಿರ್ರೆಂದಿತು.

“ನೋಡಪ್ಪ,” ಎಂದರು ನಿರ್ಮಾಪಕರು, “ಆ ಸಿನಿಮಾ ಆದ ಮೇಲೆ ನಮ್ಮಿಬ್ಬರಿಗೂ ನೆಟ್ಟಗೆ ನಿದ್ದೆ ಅನ್ನೋದೇ ಇಲ್ಲ. ಕಾಲಪ್ರಯಾಣ ಅಂದ್ರೆ ಮೈ ಉರಿಯುತ್ತೆ. ನಿನ್ನ ಋಣ ಇದೆ ಅಂತ ಬಂದಿದೀವಿ. ಹೇಳು.”

ಟಾರ್ಚಣ್ಣ ಗೋಡೆಗೆ ಬೆನ್ನು ಕೊಟ್ಟು ನಿಂತ. ಅಭ್ಯಾಸದಂತೆ ಟಾರ್ಚ್ ಹಿಡಿದುಕೊಂಡ. “ಜೋರು ಮಳೆ. ಒಂದು ಬಸ್ಸು. ಒಬ್ಬ ಕೊಡೆ ಮರೆತು ಇಳೀತಾನೆ.”

ಕತೆ ಇಷ್ಟು. ಕೊಡೆ ಮರೆತವನು ಗಡಿಯಾರ ರಿಪೇರಿ ಮಾಡುವವನು. ಎಷ್ಟೋ ವರ್ಷಗಳ ನಂತರ ಒಂದು ದಿನ ಅವನ ಕಟ್ಟಡದ ಲಿಫ್ಟು ನೆಲಮಹಡಿಗೆ ಇಳಿಯುವ ಬದಲು ಆ ಮಳೆಯ ದಿನಕ್ಕೆ ಇಳಿಯುತ್ತದೆ. ತೀರಿಕೊಂಡ ಅಪ್ಪ ಕೊಡಿಸಿದ ಕೊಡೆ ಅದು, ಈ ಸಲ ಮರೆಯದೆ ಕೈಯಲ್ಲೇ ಹಿಡಿದು ಇಳಿಯಬೇಕೆಂದು ಅವನ ಆಸೆ. ಆದರೆ ಆ ಕೊಡೆಯನ್ನು ಹುಡುಕಿ ತಂದುಕೊಟ್ಟ ಹುಡುಗಿಯೇ ಮುಂದೆ ಅವನ ಹೆಂಡತಿಯಾದವಳು, ದಿನಾ ಅವನ ಜೊತೆ ಜಗಳವಾಡುವವಳು. ಕೊಡೆ ಎತ್ತಿಕೊಂಡರೆ ಅವಳಿಲ್ಲ. ಕೊನೆಗೆ ಅವನು ಕೊಡೆಯನ್ನು ಬೇಕೆಂದೇ ಸೀಟಿನ ಮೇಲೆ ಬಿಟ್ಟು ನೆನೆಯುತ್ತ ಇಳಿದುಹೋಗುತ್ತಾನೆ. ಆ ಕೊನೆ ಬಂದಾಗಲೆಲ್ಲ ಟಾರ್ಚಣ್ಣನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳನ್ನು ಬಿಟ್ಟರೆ ಆ ಕೊನೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲ.

ಕತೆಯ ಲಿಫ್ಟು ಕೆಳಗಿಳಿಯಲು ಶುರುವಾಗಿತ್ತಷ್ಟೆ, ಮನೆಯ ಕರೆಗಂಟೆ ಬಾರಿಸಿತು. ಮೇಲಿನ ಮನೆಯ ಲೆಕ್ಕದ ಮೇಷ್ಟ್ರು. ಬೆಳಿಗ್ಗೆ ಸೋಫಾ ಮೆಟ್ಟಿಲು ಹತ್ತಿದ್ದನ್ನು ನೋಡಿ, ಯಾರು ಮನೆ ಬದಲಾಯಿಸುತ್ತಿದ್ದಾರೆ ಎಂದು ವಿಚಾರಿಸಲು ಬಂದವರು ಕತೆ ನಡೆಯುತ್ತಿದೆ ಎಂದು ಕೇಳಿ ಒಳಗೇ ನುಗ್ಗಿದರು.

ಇಲ್ಲಿ ಟಾರ್ಚಣ್ಣನ ಹಳೆಯ ಚಟ ಅಡ್ಡ ಬಂತು. ಚಿತ್ರಮಂದಿರದಲ್ಲಿ ತಡವಾಗಿ ಬಂದವರಿಗೆ ಸೀಟು ತೋರಿಸುತ್ತ, ಇಲ್ಲಿಯವರೆಗೆ ಏನಾಯಿತೆಂದು ಮೊದಲಿನಿಂದ ಕಿವಿಯಲ್ಲಿ ಹೇಳಿ ಕೂರಿಸುವುದು ಅವನ ಪದ್ಧತಿ. ತಡವಾಗಿ ಬಂದವನು ಮೊದಲು ಗೊತ್ತಿಲ್ಲದೆ ಪಿಳಿಪಿಳಿ ಕಣ್ಣುಬಿಡುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ. ಹಾಡಹಗಲಲ್ಲಿ ಟಾರ್ಚ್ ಹಚ್ಚಿ ಮೇಷ್ಟ್ರಿಗೆ ನೆಟ್ಟಗಿದ್ದ ಕುರ್ಚಿ ತೋರಿಸಿದ. “ಜೋರು ಮಳೆ. ಒಂದು ಬಸ್ಸು,” ಎಂದು ಮೊದಲಿನಿಂದ ಶುರುಮಾಡಿಯೇಬಿಟ್ಟ.

ಮೇಷ್ಟ್ರು ಲಿಫ್ಟಿನವರೆಗೆ ತಡೆದರು. ಆಮೇಲೆ ಗೋಡೆಯ ಕ್ಯಾಲೆಂಡರ್ ಇಳಿಸಿ ಅದರ ಬೆನ್ನ ಮೇಲೆ ಗೆರೆ ಎಳೆಯತೊಡಗಿದರು. ಬಸ್ಸಿನಲ್ಲಿರುವುದು ಒಂದು ಕೊಡೆ. ಮನೆಯಲ್ಲಿ ಹೆಂಡತಿ ತಂದುಕೊಟ್ಟದ್ದು ಒಂದು. ಇವನು ಹಿಂದಕ್ಕೆ ಹೋಗಿ ಎತ್ತಿಕೊಂಡು ಬಂದರೆ ಒಂದು. ಒಟ್ಟು ಮೂರಾಯಿತಲ್ಲ, ಇದಕ್ಕೇನು ಸಮಾಧಾನ ಎಂದರು. ಟಾರ್ಚಣ್ಣ ಲಿಫ್ಟು ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಲು ಬಾಯಿ ತೆರೆದವನು, ತಾನೇ ತನ್ನ ಸಿದ್ಧಾಂತಕ್ಕೆ ಕೊಳ್ಳಿ ಇಡುತ್ತಿದ್ದೇನೆ ಎಂದು ಹೊಳೆದು ಬೆವರಿಬಿಟ್ಟ.

ಅಷ್ಟರಲ್ಲಿ ಮತ್ತೆ ಗಂಟೆ. ಎದುರುಮನೆಯ ಅಜ್ಜಿ ಪಾತ್ರೆ ಹಿಂದಿರುಗಿಸಲು ಬಂದಿದ್ದರು. ಪಾತ್ರೆ ಕೊಟ್ಟರು, ಹೋಗಲಿಲ್ಲ. ಬೇಡ ಬೇಡವೆಂದು ಹೆಂಡತಿ ಅಡುಗೆಮನೆಯಿಂದ ಕಣ್ಸನ್ನೆ ಮಾಡುತ್ತಿದ್ದರೂ ಟಾರ್ಚು ತಾನಾಗಿಯೇ ಹೊತ್ತಿಕೊಂಡು ಅಜ್ಜಿಗೆ ಸೊಟ್ಟ ಕುರ್ಚಿ ತೋರಿಸಿತು. ಮಳೆ, ಬಸ್ಸು, ಕೊಡೆ ಎಲ್ಲ ಮತ್ತೊಮ್ಮೆ ಬಂದವು.

ಅಜ್ಜಿ ಗಲ್ಲಕ್ಕೆ ಕೈ ಕೊಟ್ಟು ಕೇಳಿದರು. “ಅಲ್ಲ ಕಣಪ್ಪ, ಒಂದು ಕೊಡೆಗೋಸ್ಕರ ಇಷ್ಟೆಲ್ಲಾ ಯಾಕೆ? ಹೊಸದೊಂದು ತಗೊಂಡ್ರೆ ಆಗಲ್ವಾ?”

“ಆಗ ನಾಲ್ಕಾಗುತ್ತೆ,” ಎಂದರು ಮೇಷ್ಟ್ರು, ಕ್ಯಾಲೆಂಡರಿನಿಂದ ತಲೆ ಎತ್ತದೆ.

ಒಂದೇ ಸಮಾಧಾನವೆಂದರೆ ಸೋಫಾದ ಕಡೆಯಿಂದ ಸದ್ದಿರಲಿಲ್ಲ. ಮೊದಮೊದಲು ಮಿಸುಕಾಡಿದಾಗಲೆಲ್ಲ ಕಿರ್ರೆನ್ನುತ್ತಿದ್ದ ಕವರ್ ಈಗ ಪೂರ್ತಿ ತೆಪ್ಪಗಾಗಿತ್ತು. ಕುರ್ಚಿಗಳು ಕಿರುಗುಟ್ಟದಿದ್ದರೆ ಜನ ಕತೆಯಲ್ಲಿ ಮೈಮರೆತಿದ್ದಾರೆ ಎಂದೇ ಅರ್ಥ, ಇದೂ ಇಪ್ಪತ್ತು ವರ್ಷದ ಅನುಭವ. ಕಪ್ಪು ಕನ್ನಡಕ ನೆಟ್ಟಗೆ ಅವನ ಕಡೆಗೇ ತಿರುಗಿತ್ತು. ಪಾಲುದಾರರು ಗಂಭೀರ ಯೋಚನೆಯಲ್ಲಿ ತಲೆ ತಗ್ಗಿಸಿದ್ದರು. ಟಾರ್ಚಣ್ಣನಿಗೆ ಹುರುಪು ಬಂತು.

ಮಧ್ಯಾಹ್ನದ ಹೊತ್ತಿಗೆ ಸೋಫಾ ಒಯ್ಯಲು ಭಾವಮೈದುನ ಬಂದ. ಅವನಿಗಾಗಿ ಮಳೆ ಇನ್ನೊಮ್ಮೆ ಸುರಿಯಿತು. ಅವನ ಗಮನ ಕವರಿಗೆ ಗೀರು ಬಿದ್ದಿದೆಯೇ ಎಂಬುದರ ಮೇಲಿತ್ತು, ಹಾಗಾಗಿ ಅಡ್ಡಮಾತು ಬರಲಿಲ್ಲ. ಗಂಟೆ ಬಾರಿಸುವವರು ಯಾರೂ ಉಳಿದಿರಲಿಲ್ಲವಾಗಿ, ಕತೆ ತನ್ನ ಆಯುಷ್ಯದಲ್ಲಿ ಮೊದಲ ಬಾರಿ ಪರಜನರ ಮುಂದೆ ಕೊನೆ ಮುಟ್ಟಿತು. ಗಡಿಯಾರದವನು ಕೊಡೆ ಬಿಟ್ಟು ಮಳೆಯಲ್ಲಿ ಇಳಿದುಹೋದ. ಅಜ್ಜಿ ಮೂಗೊರೆಸಿಕೊಂಡರು. ಮೇಷ್ಟ್ರು ಕ್ಯಾಲೆಂಡರ್ ಮಡಚಿ, ಹಾಗಾದರೆ ಕೊಡೆ ಒಂದೇ ಎಂದು ಮೆಲ್ಲಗೆ ಒಪ್ಪಿದರು. ಹೆಂಡತಿ ಎಂದಿನಂತೆ ಸೆರಗು ಎತ್ತಿದಳು.

ಆ ಭಾವಾವೇಶದಲ್ಲಿ ಟಾರ್ಚು ಅವನ ಕೈ ಜಾರಿ ಠಣ್ಣೆಂದು ನೆಲಕ್ಕೆ ಬಿತ್ತು. ಸೋಫಾದ ಮೇಲಿನ ಇಬ್ಬರೂ ಬೆಚ್ಚಿದರು. ನಿರ್ಮಾಪಕರು ಕನ್ನಡಕ ತೆಗೆದರು, ಕಣ್ಣು ಕೆಂಪಗಿತ್ತು. ಪಾಲುದಾರರ ಕೆನ್ನೆ ಒದ್ದೆಯಾಗಿತ್ತು, ಕರ್ಚೀಫಿನಿಂದ ಒರೆಸಿಕೊಂಡರು. ಇಬ್ಬರೂ ಎದ್ದು ಬಂದು ಅವನ ಕೈಯನ್ನು ಗಟ್ಟಿಯಾಗಿ ಹಿಡಿದು ಅಲ್ಲಾಡಿಸಿ ಹೊರಗೆ ನಡೆದರು. ಬೀಳ್ಕೊಡಲು ಭಾವಮೈದುನ ಹಿಂದೆ ಹೋದ.

ಕೋಣೆಯಲ್ಲಿದ್ದವರೆಲ್ಲ ಬಾಗಿಲ ಕಡೆ ಕಿವಿಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಮೆಟ್ಟಿಲ ಕಡೆಯಿಂದ ದನಿ ಕೇಳಿಸಿತು. ಮೊದಲು ಒಂದು, ಆಮೇಲೆ ಎರಡು. ಮಾತು ತಿಳಿಯುತ್ತಿರಲಿಲ್ಲ, ಆದರೆ ದನಿ ಏರುತ್ತಲೇ ಇತ್ತು.

ಟಾರ್ಚಣ್ಣ ಹೆಂಡತಿಯ ಕೈ ಹಿಡಿದುಕೊಂಡ. “ಜಗಳ ಆಡ್ತಿದಾರೆ ಕಣೆ,” ಎಂದ. “ಮೆಟ್ಟಿಲ ಮೇಲೇ ಆಡ್ತಿದಾರೆ. ನೂರು ದಿನ.”

ಹೆಂಡತಿ ಆ ಸ್ಟೂಲನ್ನು ತನ್ನ ತಮ್ಮ ಬೇರೆ ಯಾರಿಗಾದರೂ ಕೊಡಲಿ ಎಂದಳು. ಅಜ್ಜಿ ತಮ್ಮದೊಂದು ಹಳೆಯ ಕೊಡೆ ಇದೆ, ಶೂಟಿಂಗಿಗೆ ಬೇಕಾದರೆ ಕೊಡುತ್ತೇನೆ ಎಂದರು. ಮೇಷ್ಟ್ರಿಗೆ ಬಸ್ಸಿನ ಕಂಡಕ್ಟರ್ ಪಾತ್ರವಾದರೂ ಸಾಕಿತ್ತು. ಟಾರ್ಚಣ್ಣನಿಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ, ಅದನ್ನು ಹೆಂಡತಿಗೆ ಹೇಳಲಿಲ್ಲ ಅಷ್ಟೆ.

ಭಾವಮೈದುನ ಏದುಸಿರು ಬಿಡುತ್ತ ವಾಪಸ್ ಬಂದ. ಮುಖ ಊರಗಲವಾಗಿತ್ತು.

“ಭಾವ, ಇನ್ನೊಂಚೂರು ಆಗಿದ್ರೆ ಕೈಕೈ ಮಿಲಾಯಿಸ್ತಿದ್ರು. ಇಬ್ಬರಿಗೂ ಬೇಕಂತೆ.”

“ಕತೆ ಇಬ್ಬರೂ ಸೇರೇ ಮಾಡಬಹುದಲ್ಲ,” ಎಂದ ಟಾರ್ಚಣ್ಣ ಉದಾರವಾಗಿ.

“ಕತೆ ಅಲ್ಲ ಭಾವ, ಸೋಫಾ. ಆ ಸಿನಿಮಾ ಬಿದ್ದಮೇಲೆ ಇವತ್ತೇ ಅಂತೆ ಇಬ್ಬರೂ ಕಣ್ತುಂಬ ನಿದ್ದೆ ಮಾಡಿದ್ದು. ಈ ಮಾಡೆಲ್ ನನ್ನ ಹತ್ರ ಇದೊಂದೇ ಇತ್ತು. ಇನ್ನೊಂದು ತರಿಸ್ತೀನಿ ಅಂತ ಸಮಾಧಾನ ಮಾಡಿ ಕಳಿಸಿದೆ.”

ಟಾರ್ಚಣ್ಣ ಹೆಂಡತಿಯ ಕೈ ಬಿಟ್ಟ. ಆಮೇಲೆ, ಕತೆಯ ಬಗ್ಗೆ ಏನಾದರೂ ಅಂದರಾ ಎಂದು ಕೇಳಿದ.

“ಕೇಳಿದೆ. ಏನೋ ಮಳೆ ಬರ್ತಿತ್ತು, ಆಮೇಲೆ ಗೊತ್ತಿಲ್ಲ ಅಂದ್ರು.” ಭಾವಮೈದುನ ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈ ಹಾಕಿದ. “ನಾಳೆ ಬೆಳಿಗ್ಗೆ ಅಂಗಡಿಗೆ ಬಂದ್ಬಿಡಿ. ಗಿರಾಕಿ ಸೋಫಾ ಮೇಲೆ ಕೂತ ತಕ್ಷಣ ನೀವು ಈ ಕತೆ ಶುರು ಮಾಡಿ. ಕೊನೆ ಮಾತ್ರ ಹೇಳಬೇಡಿ ಭಾವ. ಕೊನೆ ಬಂದ್ರೆ ಎದ್ದುಬಿಡ್ತಾರೆ.”

ಆಳುಗಳು ಬಂದು ಸೋಫಾ ಎತ್ತಿಕೊಂಡು ಹೋದರು. ಕೋಣೆ ಒಮ್ಮೆಗೇ ದೊಡ್ಡದಾಯಿತು. ಮೇಷ್ಟ್ರು ಮಡಚಿದ ಕ್ಯಾಲೆಂಡರ್ ಬಿಡಿಸಿ ಮತ್ತೆ ಗೋಡೆಗೆ ತೂಗುಹಾಕಿದರು, ಅಜ್ಜಿ ಅದನ್ನೇ ನೋಡುತ್ತ ನಿಂತರು. ಹೆಂಡತಿ ಕಾಫಿ ಮಾಡುತ್ತೇನೆಂದು ಒಳಗೆ ಹೋದಳು, ಸೆರಗು ಕಣ್ಣಿನ ಹತ್ತಿರವೇ ಇತ್ತು.

ಆಗ ಗಂಟೆ ಬಾರಿಸಿತು. ಕೆಳಗಿನ ಮನೆಯ ದರ್ಜಿ ಕೊರಳಲ್ಲಿ ಟೇಪು ಹಾಕಿಕೊಂಡೇ ಓಡಿಬಂದಿದ್ದ. ಬೆಳಿಗ್ಗೆ ಸೋಫಾ ಹತ್ತಿಸುವಾಗಲೇ ಆಳುಗಳಿಂದ ಕತೆಯ ಸುದ್ದಿ ತಿಳಿದಿತ್ತು, ಅರ್ಜೆಂಟ್ ಹೊಲಿಗೆ ಇತ್ತು, ತಡವಾಗಿಬಿಟ್ಟಿತು, ಕತೆ ಶುರುವಾಗಿಹೋಯಿತಾ ಎಂದು ಕೇಳಿದ.

ಟಾರ್ಚಣ್ಣ ಬಗ್ಗಿ ನೆಲದಿಂದ ಟಾರ್ಚ್ ಎತ್ತಿಕೊಂಡ. ಹಚ್ಚಿ ನೋಡಿದ, ಇನ್ನೂ ಹೊತ್ತುತ್ತಿತ್ತು. ದರ್ಜಿಗೆ ಸೊಟ್ಟ ಕುರ್ಚಿ ತೋರಿಸಿ, ದನಿ ತಗ್ಗಿಸಿ ಹೇಳಿದ:

“ಜೋರು ಮಳೆ. ಒಂದು ಬಸ್ಸು.”