ಸುತ್ತಿಗೆಯ ಸೂಟಿ

ಮನೆಯಲ್ಲಿ ಯಾರ ಮೇಲಾದರೂ ಒಂದಿಷ್ಟು ಹೊಟ್ಟೆಕಿಚ್ಚು ಇಲ್ಲದ ಗಂಡಸನ್ನು ನಾನಂತೂ ನೋಡಿಲ್ಲ. ನನಗಿರುವುದು ಒಂದು ಸುತ್ತಿಗೆಯ ಮೇಲೆ. ನನ್ನ ಮಾವ ಹುನಗುಂದದ ಹತ್ತಿರದ ಹಳ್ಳಿಯಲ್ಲಿ ಕುಲುಮೆ ಇಟ್ಟಿದ್ದರು. ಚಕ್ಕಡಿಯ ಗಾಲಿ ಮಾಡುವುದೂ ಅದಕ್ಕೆ ಕಾದ ಕಬ್ಬಿಣದ ಹಳಿ ಕೂರಿಸುವುದೂ ಅವರೇ. ಅವರು ತೀರಿಕೊಂಡಾಗ ನನ್ನ ಹೆಂಡತಿ ಸುವರ್ಣಾ ತವರಿನಿಂದ ಕೇಳಿ ತಂದದ್ದು ಈ ಸುತ್ತಿಗೆಯೊಂದನ್ನೇ. ಜಾಲಿಯ ಹಿಡಿಯಲ್ಲಿ ಮಾವನ ಹೆಬ್ಬೆರಳು ಊರಿ ಊರಿ ಸಣ್ಣ ತಗ್ಗು ಬಿದ್ದಿದೆ. ಸುವರ್ಣಾ ಅಲ್ಲೇ ತನ್ನ ಹೆಬ್ಬೆರಳಿಟ್ಟು ಕಾಯಿ ಒಡೆಯುತ್ತಾಳೆ, ಮೊಳೆ ಹೊಡೆಯುತ್ತಾಳೆ. ನನ್ನ ಕೈಗೆ ಮಾತ್ರ ಕೊಡುವುದಿಲ್ಲ. ನಾನು ಹೊಡೆದ ಮೊಳೆಗಳೆಲ್ಲ ಬಗ್ಗಿ ನಮಸ್ಕಾರ ಮಾಡುತ್ತವಂತೆ.

ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ಅದಕ್ಕೆ ಸ್ನಾನ, ವಿಭೂತಿ, ಚೆಂಡುಹೂವು. ಪೂಜೆಯಾದ ಮೇಲೆ ಮರುದಿನದವರೆಗೆ ಅದನ್ನು ಎತ್ತುವಂತಿಲ್ಲ. ಈ ಸಲ ಸುವರ್ಣಾ ಪೂಜೆ ಮುಗಿಸುತ್ತಲೇ, ತಡವಾಗಿ ಎದ್ದ ನಾನು ಸ್ನಾನಕ್ಕೆ ಹೋದೆ. ಬಚ್ಚಲಿನ ಚಿಲಕ ನಾನೇ ಹಿಂದಿನ ವಾರ ಕೂರಿಸಿದ್ದು. ಹಾಕಿದ್ದೇ ತಡ, ಒಳಗೇ ಸಿಕ್ಕಿಕೊಂಡಿತು.

"ಸುವರ್ಣಾ, ಆ ಸುತ್ತಿಗಿ ತಗೊಂಡ ಬಾ."

"ಇವತ್ತ ಮುಟ್ಟಂಗಿಲ್ರಿ. ವರ್ಷದಾಗ ಅಪ್ಪ ಇದೊಂದ ದಿನಾ ಅದನ್ನ ಕೆಳಗ ಇಡ್ತಿದ್ದ."

ಪಕ್ಕದ ಮನೆಯ ದಸ್ತಗೀರಸಾಬರನ್ನು ಕರೆದಳು. ಅವರದು ಗ್ಯಾರೇಜು. ಬಂದವರು ಹೊರಗಿನಿಂದಲೇ ಸಂಕೋಚದಿಂದ ಹೇಳಿದರು: "ನಮ್ಮ ಗ್ಯಾರೇಜಿನ್ಯಾಗೂ ಪೂಜಿ ಆಗೈತ್ರಿ ಸರ್. ಸುತ್ತಿಗಿ, ಪಾನಾ ಎಲ್ಲಾ ಹೂವಿನ್ಯಾಗ ಅದಾವು. ಹೆಂಗ ತೆಗೀಲಿ?" ಇಡೀ ಬಾಗಲಕೋಟೆಯ ಸುತ್ತಿಗೆಗಳು ರಜೆಯ ಮೇಲಿದ್ದವು. ಪಾಪ, ಸಾಬರು ಹೆಗಲು ಕೊಟ್ಟು ನೂಕಿದರು, ರುಬ್ಬುವ ಗುಂಡುಕಲ್ಲಿನಿಂದ ಗುದ್ದಿದರು. ಬಾಗಿಲು ಜಗ್ಗಲಿಲ್ಲ.

ನನ್ನ ತಾಳ್ಮೆ ತಪ್ಪಿತು. "ನಾ ದೊಡ್ಡಾಂವೋ, ಆ ಸುತ್ತಿಗಿ ದೊಡ್ಡದೋ, ಇವತ್ತ ಹೇಳಿಬಿಡು" ಎಂದೆ. ಅವಳ ಹೆಜ್ಜೆ ಅಡುಗೆಮನೆಯತ್ತ ಹೋಗುವುದು ಕೇಳಿಸಿತು. ಯಾಕಾದರೂ ಕೇಳಿದೆನೋ ಅನ್ನಿಸಿತು. ಕೊನೆಗೆ ಗವಾಕ್ಷಿಯಿಂದ ಒಂದು ಕೈ ಬಂತು, ಕೈಯಲ್ಲಿ ಹೋಳಿಗೆ.

"ಬಿಸಿ ಐತಿ. ತಿನ್ನೂತನಾ ಒಂದೀಟ ಸುಮ್ಕ ಇರ್ರಿ."

ನಾನು ಹೋಳಿಗೆ ತಿನ್ನುತ್ತಿರುವಾಗ ದೇವರ ಕೋಣೆಯಿಂದ ಅವಳ ದನಿ ಕೇಳಿಸಿತು. "ಅಪ್ಪಾ, ತಪ್ಪ ತಿಳಕೋಬ್ಯಾಡ. ಇವ್ರು ಒಳಗ ಅದಾರ." ಆಮೇಲೆ ಬಚ್ಚಲ ಬಾಗಿಲಿಗೆ ಒಂದೇ ಏಟು. ಚಿಲಕ ಕಳಚಿ ನನ್ನ ಕಾಲ ಬಳಿ ಬಿತ್ತು.

ತನ್ನಪ್ಪ ಬದುಕಿಡೀ ನಡೆಸಿಕೊಂಡು ಬಂದ ನೇಮವನ್ನು ಅವಳು ನನಗಾಗಿ ಮುರಿದಿದ್ದಳು. ಎರಡು ಒಳ್ಳೆಯ ಮಾತಾಡೋಣವೆಂದು ಹೊರಗೆ ಬಂದರೆ ಅವಳು ಸುತ್ತಿಗೆಯ ಹಿಡಿಗೆ ಪೆಟ್ಟಾಯಿತೇನೋ ಎಂದು ಸೆರಗಿನಿಂದ ಒರೆಸಿ ನೋಡುತ್ತಿದ್ದಳು.

ಅದಕ್ಕೆ ಮತ್ತೆ ಸ್ನಾನ, ಮತ್ತೆ ವಿಭೂತಿ. ಕೆಟ್ಟುಹೋದ ಸೂಟಿಗೆ ಬದಲಿಯಾಗಿ ಮರುದಿನವೂ ಸೂಟಿ ಎಂದು ತೀರ್ಮಾನವಾಯಿತು. ಸರಕಾರಿ ಕಚೇರಿಯಲ್ಲಿ ಕೂದಲು ನೆರೆಸಿಕೊಂಡ ನನಗೆ ಇಷ್ಟು ಬೇಗ ಬದಲಿ ರಜೆ ಎಂದೂ ಮಂಜೂರಾಗಿಲ್ಲ. ಮರುದಿನ ಅದು ಹೂವಿನಲ್ಲಿ ಮಲಗಿತ್ತು. ನಾನು ಬಚ್ಚಲ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಗುಂಡುಕಲ್ಲಿನಿಂದ ಚಿಲಕದ ಮೊಳೆ ಹೊಡೆಯುತ್ತ, ಹೆಬ್ಬೆರಳಿಗೆ ನಾನೇ ಒಂದು ತಗ್ಗು ಮಾಡಿಕೊಂಡೆ.