ಎಂಟು ದಿನ, ನಾಲ್ಕು ದೇಶ, ಒಂದು ಕಾಫಿ

ನಮ್ಮೆಜಮಾನರು ಸ್ಟೀರಿಂಗ್ ಹಿಡಿದರೆ ಏನಾದರೊಂದು ಆಗಿಯೇ ಆಗುತ್ತೆ. ಟೆಕ್ಸಾಸ್‌ನಲ್ಲಿ ನಾವಿರೋ ಊರು ಕಾಪೆಲ್‌ನಲ್ಲಿ ಹಾಲು ತರೋಕೆ ಹೋದಾಗಲೇ ಆಗುತ್ತೆ, ಇನ್ನು ಯುರೋಪಿಗೆ ಹೋದಾಗ ಬಿಡುತ್ತಾ?

ಇದಕ್ಕೆಲ್ಲ ಮೂಲ ಆಸ್ಟಿನ್‌ನಲ್ಲಿರೋ ಇವರ ಗೆಳೆಯ. ಆತ ಕ್ರಿಸ್‌ಮಸ್ ರಜೆಯಲ್ಲಿ ಹತ್ತು ದಿನಕ್ಕೆ ಮೂರು ದೇಶ ಸುತ್ತಿ ಬಂದು, ಎಲ್ಲರೂ ಒಂದೊಂದು ಅಡುಗೆ ತರೋ ಪಾಟ್‌ಲಕ್ ಊಟದಲ್ಲಿ ಬಿಸಿಬೇಳೆಬಾತ್ ಆರಿ ತಣ್ಣಗಾಗೋವರೆಗೂ ಫೋಟೊ ತೋರಿಸಿದ್ದ. ಮನೆಗೆ ಬರೋ ದಾರಿಯಲ್ಲೇ ಇವರ ತೀರ್ಮಾನ ಆಗಿಹೋಯಿತು. ಎಂಟು ದಿನ, ನಾಲ್ಕು ದೇಶ, ಸ್ವಂತ ಡ್ರೈವಿಂಗ್. ಇವರು ಹುಬ್ಬಳ್ಳಿಯವರು, ಹಟ ಹಿಡಿದರೆ ಬಿಡೋರಲ್ಲ. ನಾನು ಮೈಸೂರಿನವಳು. ನನಗೆ ಬೇಕಿದ್ದದ್ದು ಇಷ್ಟೇ: ಸಮುದ್ರ ಕಾಣೋ ಕಡೆ ಕೂತು, ಯಾರೂ "ಏಳು, ಏಳು" ಅನ್ನದೆ, ಒಂದು ಕಪ್ ಬಿಸಿ ಕಾಫಿ.

ವೀಸಾ

ಜೊತೆಗೆ ಹೊರಟಿದ್ದ ನಮ್ಮತ್ತೆಯದು ಇಂಡಿಯನ್ ಪಾಸ್‌ಪೋರ್ಟ್, ಅವರಿಗೆ ವೀಸಾ ಬೇಕು. ಹಾಗಾಗಿ ಯುರೋಪಿಗಿಂತ ಮೊದಲು ಹ್ಯೂಸ್ಟನ್‌ಗೆ ಹೋದೆವು. ವೀಸಾ ಕೌಂಟರಿನಾಕೆ ಪ್ರವಾಸದ ವಿವರ ಕೇಳಿದಳು. ಇವರು ಹೆಮ್ಮೆಯಿಂದ ಒಪ್ಪಿಸಿದರು. ಬೆಳಿಗ್ಗೆ ಈ ಊರಲ್ಲಿ ತಿಂಡಿ, ಮಧ್ಯಾಹ್ನ ಆ ಊರಲ್ಲಿ ಊಟ, ಸಂಜೆಗೆ ಇನ್ನೊಂದು ದೇಶ. ಆಕೆ ಪೆನ್ನು ಕೆಳಗಿಟ್ಟು, ಇಂಗ್ಲಿಷಿನಲ್ಲಿ, "ಇದು ಪ್ರವಾಸಾನಾ, ಕೊರಿಯರ್ ಕೆಲಸಾನಾ?" ಅಂತ ಕೇಳಿದಳು.

"ಏನಂದಳವಾ ಆಕಿ?" ಅಂತ ಅತ್ತೆ ನನ್ನನ್ನು ಕೇಳಿದರು. ಹೇಳಿದೆ.

"ಭಾಳ ಶಾಣ್ಯಾ ಇದ್ದಾಳ," ಅಂದರು.

ಒಂಬತ್ತು ಸೀಟು

ಬಾರ್ಸಿಲೋನಾದಲ್ಲಿ ಬಾಡಿಗೆ ಕಾರಿನವನು ಒಂದು ಪುಟ್ಟ ಕಾರು ತೋರಿಸಿ, ಹಳ್ಳಿಗಳ ರಸ್ತೆ ಬಹಳ ಕಿರಿದು, ಇದೇ ಒಳ್ಳೇದು ಅಂದ. ಇವರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇಷ್ಟು ಸಣ್ಣದು ನಮ್ಮ ಟ್ರಕ್ಕಿನ ಹಿಂದ ಹಿಡಸ್ತದ. ನಾವು ಟೆಕ್ಸಾಸ್‌ನವರು," ಅಂದುಬಿಟ್ಟು, ಅತ್ತೆ, ಮಗಳು, ನಾವಿಬ್ಬರು ಸೇರಿ ನಾಲ್ಕೇ ಜನಕ್ಕೆ ಒಂಬತ್ತು ಸೀಟಿನ ವ್ಯಾನ್ ತಗೊಂಡರು. ಮಿಕ್ಕ ಸೀಟುಗಳಲ್ಲಿ ಅತ್ತೆಯ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಕ್ಕಿ ಮತ್ತು ರೈಸ್ ಕುಕ್ಕರ್ ಕೂತವು.

ಹೊರಟ ಕೂಡಲೇ ಕೀಂ ಕೀಂ ಅಂತ ಸದ್ದು ಶುರು. ಸೀಟಲ್ಲಿ ಯಾರೋ ಕೂತಿದ್ದಾರೆ, ಬೆಲ್ಟ್ ಹಾಕಿಲ್ಲ ಅಂತ ವ್ಯಾನಿನ ತಕರಾರು. ಕುಕ್ಕರಿಗೆ ಬೆಲ್ಟ್ ಬಿಗಿದ ಮೇಲೇ ಅದು ಸುಮ್ಮನಾದದ್ದು.

"ಡ್ಯಾಡ್, ದ ಕುಕ್ಕರ್ ಗಾಟ್ ದ ವಿಂಡೋ ಸೀಟ್," ಅಂದಳು ಮಗಳು. ಅವಳಿಗೆ ನಡುವಿನ ಸೀಟು ಸಿಕ್ಕಿತ್ತು.

ಕವರ್ ಆತು

"ಗದ್ದಲ ಇರೂದಿಲ್ಲ" ಅಂತ ಚಳಿಗಾಲ ಆರಿಸಿದವರೂ ಇವರೇ. ಗದ್ದಲ ನಿಜವಾಗಿಯೂ ಇರಲಿಲ್ಲ, ಯಾಕಂದರೆ ಸಮುದ್ರದ ದಂಡೆಯ ಹೋಟೆಲುಗಳೆಲ್ಲ ಬಾಗಿಲು ಹಾಕಿದ್ದವು. ಕುರ್ಚಿಗಳನ್ನು ಪೇರಿಸಿ ಸರಪಳಿ ಬಿಗಿದಿದ್ದರು. ಇವರು ಮುಚ್ಚಿದ ಶಟರ್ ಮುಂದೆಯೇ ನಮ್ಮನ್ನು ನಿಲ್ಲಿಸಿ ಫೋಟೊ ತೆಗೆದು, "ಕವರ್ ಆತು, ಗಾಡಿ ಹತ್ರಿ, ಹತ್ರಿ," ಅನ್ನೋರು.

ಫ್ರಾನ್ಸಿನಲ್ಲಿ ಒಂದೇ ಒಂದು ಹೋಟೆಲು ತೆರೆದಿತ್ತು. ನಾನು ಕಾಲು ಕೆಳಗಿಡೋದರೊಳಗೆ, "ಫ್ಲಾಸ್ಕಿನ್ಯಾಗ ಚಹಾ ಅದ ಅಲ್ಲ," ಅಂದರು. ಮೈಸೂರಿನವಳಿಗೆ ಫ್ಲಾಸ್ಕಿನ ಚಹಾ. ನನಗೆ ಮೈಯೆಲ್ಲ ಉರಿದುಹೋಯಿತು. ಸಿಟ್ಟಲ್ಲಿ ಕಣ್ಣು ಮುಚ್ಚಿ ಮಲಗಿಬಿಟ್ಟೆ. ಹಿಂದೆ ಅತ್ತೆ, ಮಗಳು ಆಗಲೇ ನಿದ್ದೆ ಹೋಗಿದ್ದರು.

ಸ್ವಲ್ಪ ಹೊತ್ತಿಗೆ ಇವರು ಗಾಬರಿಯಿಂದ ಎಬ್ಬಿಸಿದರು. "ಏಳ್ರಿ, ಮೊನಾಕೊ ಬಂದದ. ಲಗೂ ನೋಡ್ರಿ, ದೇಶ ಮುಗೀಲಿಕ್ಕೆ ಬಂತು."

ಅತ್ತೆ ಕನ್ನಡಕ ಹುಡುಕಿ ಹಾಕಿಕೊಳ್ಳೋದರೊಳಗೆ ಮುಗಿದಿತ್ತು.

ಅಭ್ಯಂಜನ

ಇಟಲಿಯಲ್ಲಿ ಗುಡ್ಡದ ಮೇಲೆ ಒಂದು ಹಳ್ಳಿ. ಫೋನು ನೇರ ಹೋಗು ಅಂತು. ಗಲ್ಲಿ ಕಿರಿದಾಗುತ್ತಾ ಹೋಯಿತು. "ರೀ, ಬೇಡ," ಅಂದೆ. "ಹೋಗ್ತದ ಬಿಡು," ಅಂದರು. ಹೋಯಿತು, ಎರಡು ಮನೆಗಳ ಮಧ್ಯೆ ಹೋಗಿ ಸಿಕ್ಕಿಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ, ಗೋಡೆ ಒತ್ತಿಕೊಂಡು ಬಾಗಿಲೂ ತೆರೆಯೋಹಾಗಿಲ್ಲ. "ರೋಮ್ ತಪ್ಪಿತಲ್ಲೋ," ಅಂತ ಇವರು ತಲೆ ಮೇಲೆ ಕೈ ಹೊತ್ತು ಕೂತರು.

ನನ್ನ ಕಿಟಕಿಗೆ ಸರಿಯಾಗಿ ಒಂದು ಮನೆಯ ಅಡುಗೆಮನೆ ಕಿಟಕಿ. ಒಬ್ಬ ಅಜ್ಜಿ ಅದನ್ನು ತೆರೆದು ನನ್ನನ್ನೂ, ಹಿಂದೆ ಬೆಲ್ಟ್ ಹಾಕಿಕೊಂಡು ಕೂತ ಕುಕ್ಕರನ್ನೂ ನೋಡಿ ಒಳಗೆ ಹೋದರು. ಬಂದಾಗ ಕೈಯಲ್ಲಿ ಕಾಫಿ ಇತ್ತು. ನಮ್ಮ ಮನೆಯ ಮೊದಲ ಡಿಕಾಕ್ಷನ್ನಿನಷ್ಟೇ ಗಟ್ಟಿ. ಮುಂದಿನ ಗಾಜಿನಲ್ಲಿ ನೋಡಿದರೆ ಗಲ್ಲಿಯ ಕೊನೆಗೆ ಸಮುದ್ರ. ನಿಜ ಹೇಳ್ತೀನಿ, ಅಷ್ಟು ಸುಖ ನನಗೆ ಆ ಪ್ರವಾಸದಲ್ಲಿ ಬೇರೆಲ್ಲೂ ಸಿಗಲಿಲ್ಲ.

ಅಷ್ಟರಲ್ಲಿ ಊರವರೆಲ್ಲ ಸೇರಿ, ಡಬ್ಬಗಟ್ಟಲೆ ಆಲಿವ್ ಎಣ್ಣೆ ತಂದು ವ್ಯಾನಿನ ಎರಡೂ ಪಕ್ಕಕ್ಕೆ ಸುರಿಯತೊಡಗಿದರು.

"ದೀಪಾವಳಿಗೆ ಎಣ್ಣಿ ಹಚ್ಚತೀನಿ ಅಂದ್ರ ಓಡಿ ಹೋಗತಿದ್ದ," ಅಂದರು ಅತ್ತೆ ಮಗನ ಬೆನ್ನು ನೋಡುತ್ತಾ. "ಈಗ ಹೆಂಗ ಕೂತಾನ ನೋಡವಾ."

ಗಂಡಸರು ತಳ್ಳೋಕೆ ಹಿಂದೆ ನಿಂತರು. ಕಪ್ಪಿನಲ್ಲಿ ಇನ್ನೂ ಅರ್ಧ ಇತ್ತು. ಕಿಟಕಿಯಲ್ಲಿ ಕಪ್ ಎತ್ತಿ ತೋರಿಸಿ, "ಸ್ವಲ್ಪ ತಡೀರಿ, ಇದೊಂದು ಮುಗಿಸಿಬಿಡ್ತೀನಿ," ಅಂದೆ, ಕನ್ನಡದಲ್ಲೇ. ಅಜ್ಜಿ ಹಿಂದಿನವರಿಗೆ ಏನೋ ಕೂಗಿ ಹೇಳಿದರು. ಕನ್ನಡದ ಗಂಧಗಾಳಿ ಇಲ್ಲದ ಆ ಊರಿಗೆ ಊರೇ ವ್ಯಾನಿನಿಂದ ಕೈ ತೆಗೆದು ಸುಮ್ಮನೆ ನಿಂತಿತು.

ಹುಟ್ಟಿದಾಗಿನಿಂದ ಕನ್ನಡ ಮಾತಾಡೋ ನಮ್ಮೆಜಮಾನರು ಎಂಜಿನ್ ಸ್ಟಾರ್ಟ್ ಮಾಡಿದರು.